ಇನ್ನೊಬ್ಬರನ್ನು ಹುಡುಕುತ್ತಿದ್ದ ಹೊಲಿಗೆ ಅಕ್ಕೋರು

ಹೋದ ತಿಂಗಳು ಹುನಗುಂದದ ನಮ್ಮ ಹಳೆಯ ಶಾಲೆಯಲ್ಲಿ ಹೊಲಿಗೆ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಐದು ಜನ ಮಾತಾಡಿದರು. ಅವರ ತಾಳ್ಮೆ, ಅವರ ಕೈಯ ಅಚ್ಚುಕಟ್ಟು, ಸಾವಿರಾರು ಹೆಣ್ಣುಮಕ್ಕಳಿಗೆ ಕಾಜಾ ಗುಂಡಿ ಹಾಕಲು ಕಲಿಸಿದ ಪುಣ್ಯ, ಎಲ್ಲ ಬಂತು. ಅವರು ಮಾಡಿದ ಚಿತ್ರಪುಸ್ತಕಗಳ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಹೇಳೋಣವೆಂದು ಏಳುವಷ್ಟರಲ್ಲಿ ಅಧ್ಯಕ್ಷರು ವಂದನಾರ್ಪಣೆಗೆ ಕರೆದರು, ಚಹಾ ಬಂತು, ಸಭೆ ಮುಗಿಯಿತು. ನನಗೆ ಸಿಟ್ಟು ಬಂತು. ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ಸಿಟ್ಟು ಬೇಗ ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ. ಆದ್ದರಿಂದ ಅಲ್ಲಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಇಳಕಲ್ಲಿನವರು. ದಿನಾ ಮುಂಜಾನೆ ಒಂದೇ ಬಸ್ಸಿಗೆ ಹುನಗುಂದಕ್ಕೆ ಹೋಗುತ್ತಿದ್ದೆವು. ನನ್ನ ಕೈಯಲ್ಲಿ ಕರಿಹಲಗೆಯ ಮೇಲೆ ಗೆರೆ ಎಳೆಯುವ ಉದ್ದನೆಯ ಮರದ ಸ್ಕೇಲು, ಅವರ ಕೈಯಲ್ಲಿ ಬಟ್ಟೆಯ ಚೀಲ. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಎನ್ನುತ್ತಾರೆ, ಶಾಲೆಯಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವರು ಹೊಲಿಗೆ ಅಕ್ಕೋರು, ನಾನು ಲೆಕ್ಕದ ಅಕ್ಕೋರು. ನಾವು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೂ ಅಕ್ಕೋರೇ ಎಂದೇ. ಅವರ ಜೀವನಚರಿತ್ರೆ ನನಗೆ ಪೂರ್ತಿ ಗೊತ್ತಿಲ್ಲ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ, ಆಮೇಲೆ ಟ್ರೇನಿಂಗ್ ಮುಗಿಸಿ ನೌಕರಿ ಹಿಡಿದಿದ್ದರು ಎಂಬುದಷ್ಟೇ ಗೊತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಸೂಜಿಗೆ ದಾರ ಪೋಣಿಸಲು ಕೂತುಬಿಡುತ್ತಿದ್ದರು.

ಏನನ್ನೇ ಕೈಗೆ ಕೊಟ್ಟರೂ ಮೊದಲು ತಿರುವಿ ಅದರ ಹಿಂಬದಿ ನೋಡುವುದು ಅವರ ರೂಢಿ. ಕಸೂತಿ ಮಾಡುವವರಿಗೆಲ್ಲ ಈ ಚಾಳಿ ಇರುತ್ತದೆ. ಮುಂದಿನ ಬದಿಯಲ್ಲಿ ಗೋಪುರ, ನವಿಲು ಯಾರು ಬೇಕಾದರೂ ತೆಗೆದಾರು, ಹಿಂದೆ ಗಂಟು ಕಾಣಿಸಿತೋ, ಆ ಕೆಲಸ ಕೆಲಸವಲ್ಲ. ಅಕ್ಕೋರು ಸೀರೆಯನ್ನಷ್ಟೇ ಅಲ್ಲ, ಲಗ್ನಪತ್ರಿಕೆಯನ್ನೂ ತಿರುವಿ ನೋಡುತ್ತಿದ್ದರು, ಉತ್ತರಪತ್ರಿಕೆಯನ್ನೂ. ಒಮ್ಮೆ ನಮ್ಮ ದೊಡ್ಡ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ, ಮಗಳಿಗೆ ನೋಡಿದ ವರನ ಫೋಟೋ ತೋರಿಸಿದಾಗ ಅದನ್ನೂ ತಿರುವಿ ನೋಡಿ ವಾಪಸು ಕೊಟ್ಟರು. ದೊಡ್ಡ ಅಕ್ಕೋರಿಗೆ ಎರಡು ದಿನ ನಿದ್ದೆ ಬರಲಿಲ್ಲವಂತೆ.

ಅವರು ಚಿತ್ರಪುಸ್ತಕ ಓದುತ್ತಾರೆಂದು ನನಗೆ ಗೊತ್ತಾದದ್ದು ಬಸ್ಸಿನಲ್ಲೇ. ಪಾಠ ಟಿಪ್ಪಣಿಯ ವಹಿಯೊಳಗೆ ಬಣ್ಣಬಣ್ಣದ ಪುಸ್ತಕ ಇಟ್ಟುಕೊಂಡು ಓದುತ್ತಿದ್ದರು. ಹುಡುಗಿಯರು ಹೀಗೆ ಓದಿದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅವರನ್ನು ಬಸ್ಸಿನ ಸೀಟಿನ ಮೇಲೆ ನಿಲ್ಲಿಸಲಾಗುವುದಿಲ್ಲವಲ್ಲ, ಬರೀ ಬೈದೆ. ಅವರಿಗೆ ನಾಚಿಕೆಯೇನೂ ಆಗಲಿಲ್ಲ. ಬಾಗಲಕೋಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿತ್ತು. ಅಲ್ಲಿದ್ದ ಚಿತ್ರಕಥೆಗಳೆಲ್ಲ ಅವರಿಗೆ ಓದಿ ಮುಗಿದಿದ್ದವು. ಅವರ ತಕರಾರು ಬೇರೆಯೇ ಇತ್ತು. ಆ ಪುಸ್ತಕಗಳಲ್ಲಿ ರಾಜರಿದ್ದಾರೆ, ಋಷಿಗಳಿದ್ದಾರೆ, ಕಾಡಿನಲ್ಲಿ ಹಾರಾಡುವ ಬಿಳಿಯರಿದ್ದಾರೆ, ಆದರೆ ಬಸ್ಸಿಗೆ ಕಾಯುವವರು ಒಬ್ಬರೂ ಇಲ್ಲ, ಯಾರಿಗೂ ಸೊಂಟ ನೋಯುವುದಿಲ್ಲ, ಯಾರೂ ರೊಟ್ಟಿ ಬಡಿಯುವುದಿಲ್ಲ ಎಂದರು. ನೀವೇ ಮಾಡಿರಿ ಹಾಗಾದರೆ, ಎಂದು ನಾನು ಕುಹಕವಾಡಿದೆ. ನನ್ನ ಕುಹಕವನ್ನು ಅವರು ಸಲಹೆಯೆಂದು ತೆಗೆದುಕೊಂಡರು.

ಇದೆಲ್ಲ ಎಪ್ಪತ್ತರ ದಶಕದ ನಡುವಿನ ಮಾತು. ಮಗ್ಗದ ಸಾಮಾನು ಮಾಡುವ ಬಡಿಗೇರರಿಂದ ನುಣ್ಣಗೆ ಕೀಸಿದ ಮರದ ತುಂಡುಗಳನ್ನು ಮಾಡಿಸಿಕೊಂಡರು. ಒಂದು ತುಂಡಿಗೆ ಒಂದು ಪುಟ. ಚಿತ್ರವನ್ನೂ ಅಕ್ಷರವನ್ನೂ ಸಣ್ಣ ಉಳಿಯಿಂದ ಕೊರೆದರು. ಇಳಕಲ್ಲಿನಲ್ಲಿ ಲಗ್ನಪತ್ರಿಕೆ ಮುದ್ರಿಸುವ ಒಂದು ಪ್ರೆಸ್ಸಿತ್ತು. ಆಷಾಢದಲ್ಲಿ ಲಗ್ನಗಳಿಲ್ಲ, ಪ್ರೆಸ್ಸಿನ ಯಜಮಾನರು ನೊಣ ಹೊಡೆಯುತ್ತ ಕೂತಿರುತ್ತಿದ್ದರು. ಹೀಗಾಗಿ ಅಕ್ಕೋರ ಪುಸ್ತಕಗಳೆಲ್ಲ ಆಷಾಢದಲ್ಲೇ ಹುಟ್ಟಿದವು. ಅಶುಭ ಮಾಸದಲ್ಲಿ ಹೊಸ ಕೆಲಸ ಬೇಡವೆಂದು ಹೇಳಿದವರಿಗೆ, ಮಷೀನು ಖಾಲಿ ಇರುವುದೇ ಶುಭ ಎನ್ನುತ್ತಿದ್ದರು.

ಮೊದಲನೆಯ ಪುಸ್ತಕ ಉಲ್ಟಾ ಬಂತು. ಮರದಲ್ಲಿ ಕೊರೆಯುವಾಗ ಎಲ್ಲವನ್ನೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೆಯಬೇಕು, ಆಗ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಇದು ಪ್ರೆಸ್ಸಿನ ಕಸ ಗುಡಿಸುವವರಿಗೂ ಗೊತ್ತು. ಅಕ್ಕೋರಿಗೆ ಹೊಳೆಯಲೇ ಇಲ್ಲ. ಅವರದು ಕಸೂತಿಯ ಕೈ. ಗವಂತಿ ಹೊಲಿಗೆಯಲ್ಲಿ ಹಿಂದು ಮುಂದು ಒಂದೇ ತರಹ ಕಾಣುತ್ತದೆ, ಹಾಗೆ ಕಾಣುವುದೇ ಅದರ ಹೆಚ್ಚುಗಾರಿಕೆ. ಹಿಂಬದಿ ಬೇರೆಯಾಗಿ ಬರುವ ಕೆಲಸವೂ ಲೋಕದಲ್ಲಿದೆ ಎಂದು ಅವರು ಅಂದುಕೊಂಡಿರಲಿಲ್ಲ. ಪ್ರೆಸ್ಸಿನ ಯಜಮಾನರೂ ಹೇಳಲಿಲ್ಲ. ಕಲಿತ ಅಕ್ಕೋರು ಮಾಡಿದ್ದಾರೆ ಅಂದರೆ ಏನೋ ಅರ್ಥ ಇರಬೇಕು ಎಂದು ಸುಮ್ಮನೆ ನೂರು ಪ್ರತಿ ಒತ್ತಿಬಿಟ್ಟರು.

ನಾನಾಗಿದ್ದರೆ ಅವನ್ನೆಲ್ಲ ಒಲೆಗೆ ಹಾಕುತ್ತಿದ್ದೆ. ಅಕ್ಕೋರು ಒಂದು ಸಂಜೆ ಅತ್ತರು, ಮರುದಿನ ಪ್ರತಿಯೊಂದರ ಮೇಲೂ ‘ಕನ್ನಡಿ ಮುಂದೆ ಹಿಡಿದು ಓದಬೇಕು’ ಎಂದು ಕೈಯಿಂದ ಬರೆದು ಹಂಚಿದರು. ಹುನಗುಂದದ ಕ್ಷೌರದ ಅಂಗಡಿಯಲ್ಲಿ ದಾಡಿಗೆ ಬಂದವರು ಆ ಪುಸ್ತಕ ಹಿಡಿದು ಕನ್ನಡಿಯ ಮುಂದೆ ಏಳದೆ ಕೂತರೆಂದು ಅಂಗಡಿಯವನು ದೂರು ತಂದ. ಅಕ್ಕೋರು ಅವನಿಗೂ ಒಂದು ಪ್ರತಿ ಕೊಟ್ಟು ಕಳಿಸಿದರು.

ಕಥೆ ಏನೆಂದರೆ, ಇಳಕಲ್ಲಿನ ಖಣಿಯಲ್ಲಿ ಕೆಲಸ ಮಾಡುವ ನಾಗವ್ವ ಎಂಬವಳಿಗೆ ಒಂದು ದಿನ ತಾನು ಎಬ್ಬಿಸಿದ ಕೆಂಪು ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಮನಸ್ಸಾಗುತ್ತದೆ. ಕಲ್ಲು ಹೇರಿದ ಲಾರಿ ಹತ್ತಿ ಹೊರಟೇಬಿಡುತ್ತಾಳೆ. ವರ್ಷಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಊರು. ನಾಗವ್ವ ಲಾರಿಯ ಡ್ರೈವರನಿಗೆ ರೊಟ್ಟಿ ಬಡಿದು ಕೊಡುವುದಿಲ್ಲ ಎಂದು ಜಗಳವಾಡುವ ಪುಟ ನನಗೆ ಈಗಲೂ ಬಾಯಿಪಾಠ ಇದೆ. ಪುಸ್ತಕಗಳು ಬಸ್ ಕಂಡಕ್ಟರುಗಳ ಕೈಯಲ್ಲಿ ಬಾದಾಮಿ, ಬಾಗಲಕೋಟೆ, ಕಲಾದಗಿಯವರೆಗೂ ಹೋಗುತ್ತಿದ್ದವು. ಕೊನೆಯ ಪುಟದಲ್ಲಿ ‘ಮಾಡಿದಾಕಿ: ಹೊಲಿಗೆ ಅಕ್ಕೋರು, ಇಳಕಲ್ಲು’ ಎಂದಿರುತ್ತಿತ್ತು. ಎರಡನೆಯ ಪುಸ್ತಕದಿಂದ ಅಕ್ಷರ ನೆಟ್ಟಗೆ ಬಿದ್ದವು.

ಪರದೇಶದಲ್ಲಿ ಇಂಥ ಪುಸ್ತಕ ಓದುವವರೂ ಮಾಡುವವರೂ ವರ್ಷಕ್ಕೊಮ್ಮೆ ಒಂದು ಕಡೆ ಕೂಡುತ್ತಾರೆ, ಕಥೆಯ ಪಾತ್ರಗಳಂತೆ ವೇಷ ಹಾಕಿಕೊಂಡು ಬರುತ್ತಾರೆ ಎಂದು ಅವರು ಯಾವುದೋ ವಾರಪತ್ರಿಕೆಯ ಮೂಲೆಯಲ್ಲಿ ಓದಿದರು. ಅಲ್ಲಿಂದ ಅವರ ತಲೆಗೆ ಹುಳ ಹೊಕ್ಕಿತು. ಓದುವವರು ಸಿಕ್ಕಿದ್ದರು, ಆದರೆ ಮಾಡುವವರು? ಈ ಸೀಮೆಯಲ್ಲಿ ತನ್ನಂತೆ ಚಿತ್ರಪುಸ್ತಕ ಮಾಡುವವರು ಇನ್ನೊಬ್ಬರಾದರೂ ಇದ್ದೇ ಇರಬೇಕು, ಎಲ್ಲೋ ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುತ್ತಿರಬೇಕು, ಅವರನ್ನು ಹೊರಗೆ ತೆಗೆಯಬೇಕು ಎಂದು ಹಟ ಹಿಡಿದರು. ಒಬ್ಬರು ಮಾಡಿದರೆ ಅದಕ್ಕೆ ಹುಚ್ಚು ಅನ್ನುತ್ತಾರೆ. ಇಬ್ಬರು ಮಾಡಿದರೆ? ಹಾಗೆಂದು ನನ್ನನ್ನು ಕೇಳಿ ಅವರೇ ಉತ್ತರ ಹೇಳಿದರು.

“ಇಬ್ಬರಾದ್ರ ಅದು ಕೆಲಸ ಆಗ್ತೈತ್ರಿ, ಅಕ್ಕೋರೇ. ನನಗ ಒಬ್ಬರು ಸಿಕ್ರ ಸಾಕು.”

ತಾವೂ ಅಂಥದೊಂದು ಕೂಟ ಕರೆಯುವುದಾಗಿ ಮುಂದಿನ ಪುಸ್ತಕದ ಕೊನೆಯ ಪುಟದಲ್ಲಿ ಕೊರೆದರು, ಜಾಗ ಅಮೀನಗಡ ಎಂದು ಗೊತ್ತುಮಾಡಿದರು. ಯಾವ ಕಡೆಯಿಂದ ಬಂದ ಬಸ್ಸೂ ಅಲ್ಲಿ ಕರದಂಟಿನ ಅಂಗಡಿಗಳ ಮುಂದೆ ನಿಲ್ಲದೆ ಹೋಗುವುದಿಲ್ಲ. ಒಂದು ಅಂಗಡಿಯವರು ಮೇಲಿನ ಕೋಣೆಯನ್ನು ಆಷಾಢದ ಕೊನೆಯ ಐತವಾರ ಬಿಟ್ಟುಕೊಡಲು ಒಪ್ಪಿದರು. ಕೆಳಗಿನಿಂದ ಬೆಲ್ಲದ ಪಾಕದ ವಾಸನೆ ಇಡೀ ದಿನ ಬರುತ್ತಿತ್ತು, ಕೂಡಿದವರಿಗೆ ಕಥೆಯ ಕಡೆ ಅರ್ಧ ಲಕ್ಷ್ಯ, ಕೆಳಗಡೆ ಅರ್ಧ. ಮೊದಲ ವರ್ಷ ಐದು ಜನ ಬಂದರು. ಅದರಲ್ಲೊಬ್ಬರು ನೇಕಾರರ ಸೊಸಾಯಿಟಿಯ ಮೀಟಿಂಗು ಎಂದು ತಿಳಿದು ಬಂದಿದ್ದರು, ಆದರೂ ಸಂಜೆಯ ತನಕ ಕೂತರು. ಮುಂದಿನ ವರ್ಷದಿಂದ ಜನ ಹೆಚ್ಚಿದರು. ಬಾದಾಮಿಯ ಪೋಸ್ಟಿನ ಗುಮಾಸ್ತರೊಬ್ಬರು ನಾಗವ್ವನ ಕಥೆಯ ಲಾರಿ ಡ್ರೈವರನಾಗಿ ಲುಂಗಿ, ತಲೆಗೆ ಟವೆಲು ಸುತ್ತಿಕೊಂಡು, ಕಿವಿಯಲ್ಲಿ ಬೀಡಿ ಸಿಗಿಸಿಕೊಂಡು ಬಂದರು. ಮನೆಯಿಂದಲೇ ಆ ವೇಷದಲ್ಲಿ ಹೊರಟು ಮೂರು ಬಸ್ಸು ಬದಲಾಯಿಸಿದ್ದರು. ಗುಳೇದಗುಡ್ಡದಲ್ಲಿ ಒಬ್ಬರು ಅವರನ್ನು ತಡೆದು ಹುಬ್ಬಳ್ಳಿಗೆ ಸಾಮಾನು ಒಯ್ಯುತ್ತೀರಾ ಎಂದು ಕೇಳಿದ್ದರಂತೆ. ಅದನ್ನು ಅವರು ಪ್ರಶಸ್ತಿ ಬಂದವರ ಹಾಗೆ ಹೇಳಿಕೊಂಡರು.

ನಾಗವ್ವ ಎಲ್ಲಿ ತಪ್ಪಿದಳು, ಮುಂದೆ ಯಾವ ಊರು ಮುಟ್ಟಬೇಕು ಎಂದು ವಾದ ನಡೆಯುತ್ತಿತ್ತು. ಒಬ್ಬೊಬ್ಬರೂ ಎದ್ದು ಒಂದೊಂದು ಪುಟ ಧ್ವನಿ ಬದಲಿಸಿ ಓದುತ್ತಿದ್ದರು. ಕೊನೆಗೆ ಅಕ್ಕೋರು ನಿಂತು, ಯಾರಾದರೂ ತಾವೇ ಪುಸ್ತಕ ಮಾಡಿಕೊಂಡು ಬಂದಿದ್ದೀರಾ ಎಂದು ಕೇಳುತ್ತಿದ್ದರು. ಯಾರೂ ಏಳುತ್ತಿರಲಿಲ್ಲ. ಅವರು ಚೀಲ ಹೆಗಲಿಗೆ ಹಾಕಿಕೊಂಡು, ಮುಂದಿನ ವರ್ಷ ಇದೇ ದಿನ ಎಂದು ಹೇಳಿ ಮೆಟ್ಟಿಲಿಳಿಯುತ್ತಿದ್ದರು. ಐದು ವರ್ಷ ಹೀಗೇ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನು, ಯಾರೂ ಇಲ್ಲ, ಬಿಟ್ಟುಬಿಡಿರಿ ಎಂದು ಪ್ರತಿವರ್ಷ ಹೇಳುತ್ತಿದ್ದೆ. ಐದನೆಯ ವರ್ಷ ಅವರು ಕಿಟಕಿಯ ಕಡೆ ತಿರುಗಿ ಕೂತರು. ಅವರ ಹೆಗಲು ನಡುಗುವುದನ್ನು ನೋಡಿದೆ, ನನಗೆ ತಡೆಯಲಾಗಲಿಲ್ಲ.

ಆಗ ಒಂದು ತಪ್ಪು ಮಾಡಿದೆ. ಬಾಗಲಕೋಟೆಯಲ್ಲಿ ನನ್ನ ತಮ್ಮನಿದ್ದ, ನೋಡಿ ನೋಡಿ ಚಿತ್ರ ತೆಗೆಯುವುದರಲ್ಲಿ ಜಾಣ. ಅವನನ್ನು ಕೂಡಿಸಿಕೊಂಡು, ಬಾದಾಮಿಯ ಮಂಗವೊಂದು ಪ್ರವಾಸಿಗಳ ಕನ್ನಡಕ ಕದ್ದು ತಾನೇ ಹಾಕಿಕೊಂಡು ಗುಹೆ ನೋಡಲು ಹೋಗುವ ಕಥೆಯ ಪುಸ್ತಕ ಮಾಡಿಸಿದೆ. ಚೌಕಗಳ ಗೆರೆಗಳನ್ನು ನಾನೇ ಹಾಕಿಕೊಟ್ಟೆ. ಇಲ್ಲದ ಒಂದು ಹೆಸರು ಬರೆದು, ಬರಲಾಗುತ್ತಿಲ್ಲ, ಪುಸ್ತಕ ಕಳಿಸಿದ್ದೇನೆ ಎಂಬ ಪತ್ರದೊಡನೆ ಬಾದಾಮಿಯಿಂದ ಟಪಾಲಿಗೆ ಹಾಕಿಸಿದೆ. ಆರನೆಯ ವರ್ಷದ ಕೂಟಕ್ಕೆ ಎರಡು ದಿನ ಮೊದಲು ಅದು ಅವರ ಕೈಸೇರಿತು.

ಆ ದಿನ ಅಮೀನಗಡದಲ್ಲಿ ಅಕ್ಕೋರನ್ನು ನೀವು ನೋಡಬೇಕಾಗಿತ್ತು. ಇಡೀ ಪುಸ್ತಕವನ್ನು ತಾವೇ ಓದಿದರು, ಮಂಗನ ಧ್ವನಿ ತೆಗೆದು ಓದಿದರು. ಎಲ್ಲರಿಗೂ ಕರದಂಟು ಹಂಚಿದರು. ಸಿಕ್ಕರು, ಸಿಕ್ಕರು ಎಂದು ಬಂದವರ ಕೈ ಕೈ ಹಿಡಿದು ಹೇಳಿದರು. ನನಗೂ ಹಿಗ್ಗಾಗಿತ್ತು. ಒಳ್ಳೆಯದಕ್ಕಾಗಿ ಆಡಿದ ಸುಳ್ಳು ಸುಳ್ಳಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಅವರು ಪುಸ್ತಕವನ್ನು ಮತ್ತೆ ಹೊರಗೆ ತೆಗೆದರು. ಸಂತೋಷದ ಗಡಿಬಿಡಿಯಲ್ಲಿ ಎರಡು ದಿನ ಅವರು ಅದರ ಹಿಂಬದಿ ನೋಡಿರಲಿಲ್ಲ. ಈಗ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ತಿರುವಿ ಹಿಡಿದರು. ಒತ್ತಿ ಎಳೆದ ಗೆರೆಗಳು ಹಿಂದೆ ಉಬ್ಬಿದ್ದವು. ಅವರ ಬೆರಳು ಒಂದು ಗೆರೆಯ ಉದ್ದಕ್ಕೂ ಹೋಗಿ ಒಂದು ಕಡೆ ನಿಂತಿತು. ಇನ್ನೊಂದು ಗೆರೆ ಮುಟ್ಟಿದರು, ಅಲ್ಲೂ ಬೆರಳು ಅದೇ ಜಾಗದಲ್ಲಿ ನಿಂತಿತು. ಆಮೇಲೆ, ಕೂಟದಲ್ಲಿ ಪುಟ ತೋರಿಸಲೆಂದು ತಂದು ನನ್ನ ಮಡಿಲಲ್ಲಿಟ್ಟುಕೊಂಡಿದ್ದ ಮರದ ಸ್ಕೇಲಿನ ಕಡೆ ನೋಡಿದರು. ಅದರ ಅಂಚು ಏಳು ಇಂಚಿನ ಹತ್ತಿರ ಚಕ್ಕೆ ಎದ್ದಿತ್ತು. ಅದರಿಂದ ಎಳೆದ ಗೆರೆ ಅಲ್ಲಿ ಸಣ್ಣಗೆ ಕುಪ್ಪಳಿಸುತ್ತಿತ್ತು. ಅವರು ಎಷ್ಟೋ ವರ್ಷ ನನ್ನ ಕರಿಹಲಗೆಯ ಮೇಲೆ ಅದನ್ನು ಕಂಡಿದ್ದರು. ಇಡೀ ಶಾಲೆಯೇ ಕಂಡಿತ್ತು, ನಾನೊಬ್ಬಳು ಗಮನಿಸಿರಲಿಲ್ಲ.

ಅವರು ಧ್ವನಿ ಏರಿಸಲಿಲ್ಲ.

“ಐದು ವರ್ಷ ಯಾರೂ ಬರಲಿಲ್ಲ, ಅಕ್ಕೋರೇ. ಅದು ಖರೆ ಇತ್ತು, ತಡಕೊಂಡೆ. ಇವತ್ತಿಂದು ಹೆಂಗ ತಡಕೊಳ್ಳಲಿ ಹೇಳ್ರಿ.”

ಹುನಗುಂದ ಬಂದಾಗ ಅವರು ಎದ್ದು ಮುಂದಿನ ಸೀಟಿಗೆ ಹೋಗಿ ಕೂತರು. ಮರುದಿನದಿಂದ ಎರಡು ತಿಂಗಳು ಬೇರೆ ಬಸ್ಸಿಗೆ ಹೋದರು. ಶಾಲೆಯಲ್ಲಿ ಎದುರಾದರೆ ನಮಸ್ಕಾರ ಮಾಡುತ್ತಿದ್ದರು, ಅಷ್ಟೇ. ಅವರು ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ. ಆ ನಮಸ್ಕಾರ ನನ್ನನ್ನು ತಿಂದುಹಾಕಿತು.

ಕೊನೆಗೆ ನಾನೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ನಾಗವ್ವನ ಮುಂದಿನ ಪುಸ್ತಕ ಕೊರೆಯುತ್ತಿದ್ದರು. ಇನ್ನು ಅಮೀನಗಡದ ಕೂಟ ಇರುವುದಿಲ್ಲವೇನೋ ಎಂಬ ಅಂಜಿಕೆ ನನಗಿತ್ತು. ಅವರಿಗೆ ಅಂಥ ಯೋಚನೆಯೇ ಬಂದಿರಲಿಲ್ಲ. ತಪ್ಪಾಯಿತು ಎಂದೆ. ಉಳಿಗೆ ಹತ್ತಿದ ಮರದ ಪುಡಿ ಊದಿ, ತಲೆ ಎತ್ತದೆ ಹೇಳಿದರು.

“ಸುಳ್ಳ ಪುಸ್ತಕಕ್ಕ ಗೆರಿ ಹಾಕಾಕ ನಿಮಗ ಪುರಸತ್ತ ಸಿಕ್ಕಿತ್ತು. ಖರೆ ಪುಸ್ತಕಕ್ಕ ಸಿಗಂಗಿಲ್ಲೇನು?”

ನನಗೆ ಚಿತ್ರ ಬರುವುದಿಲ್ಲ ಎಂದೆ. ಗೆರೆ ಬರುತ್ತದಲ್ಲ, ವರ್ತುಲ ಬರುತ್ತದಲ್ಲ ಎಂದರು. ಹೇಳಲು ನನ್ನ ಹತ್ತಿರ ಕಥೆ ಇಲ್ಲ ಎಂದೆ. ಯಾರಿಗೂ ಹೇಳದೆ ಇಟ್ಟುಕೊಂಡದ್ದು ಒಂದಾದರೂ ಇದ್ದೇ ಇರುತ್ತದೆ ಎಂದರು, ಚಹಾ ಕೊಟ್ಟು ಕಳಿಸಿದರು.

ಇತ್ತು. ನೌಕರಿಗೆ ಸೇರಿದ ಹೊಸತರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ನೇಕಾರರ ಮನೆಯ ಒಬ್ಬ ಹುಡುಗಿ ಇದ್ದಳು. ಎಷ್ಟು ಕಠಿಣ ಲೆಕ್ಕ ಕೊಟ್ಟರೂ ನಡುವಿನ ಹಂತ ಒಂದೂ ಬರೆಯದೆ ನೇರ ಉತ್ತರ ಬರೆಯುತ್ತಿದ್ದಳು, ಉತ್ತರ ಸರಿ ಇರುತ್ತಿತ್ತು. ನಕಲು ಮಾಡಿದ್ದೀ ಎಂದು ಸೊನ್ನೆ ಹಾಕಿ ಇಡೀ ತರಗತಿಯ ಮುಂದೆ ನಿಲ್ಲಿಸಿದೆ. ಆಕೆ, ಮನೆಯಲ್ಲಿ ಎಳೆ ಎಣಿಸುವ ಹಾಗೆ ನಾಲ್ಕು ನಾಲ್ಕು ಹಿಡಿದು ಎಣಿಸಿದೆ ಎಂದು ಹೇಳಿದಳು. ನಾನು ನಕ್ಕೆ, ತರಗತಿಯೂ ನಕ್ಕಿತು. ಮರುದಿನದಿಂದ ಆಕೆ ಶಾಲೆಗೆ ಬರಲಿಲ್ಲ. ಆಮೇಲೆ ಒಂದು ದಿನ ಅವಳ ರೀತಿಯಲ್ಲೇ ಎಣಿಸಿ ನೋಡಿದೆ, ಉತ್ತರ ಬಂತು. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ಒಂಬತ್ತು ತಿಂಗಳಲ್ಲಿ ಎಂಟು ಪುಟ ಮಾಡಿದೆ. ತಲೆ ತಗ್ಗಿಸಿ ನಿಂತ ಹುಡುಗಿ ಒಂದು ತ್ರಿಕೋನ, ಲೆಕ್ಕದ ಅಕ್ಕೋರು ಒಂದು ದೊಡ್ಡ ವರ್ತುಲ, ನಗುವ ತರಗತಿ ಸಾಲು ಸಾಲು ಚೌಕ. ಹರಿದು ಹಾಕಿ ಮತ್ತೆ ಮಾಡಿದೆ. ಇಂಥ ಕೆಲಸವನ್ನು ಅವರು ಇಷ್ಟು ವರ್ಷ, ಒಬ್ಬರೂ ಜೊತೆಯಿಲ್ಲದೆ, ಉಳಿ ಹಿಡಿದು ಮಾಡಿದ್ದಾರಲ್ಲ ಎಂದು ಆಗ ಮೊದಲ ಸಲ ನನಗೆ ಅರ್ಥವಾಯಿತು.

ಏಳನೆಯ ವರ್ಷದ ಕೂಟದಲ್ಲಿ ಅಕ್ಕೋರು ಎಂದಿನಂತೆ ಕೊನೆಗೆ ನಿಂತು ಕೇಳಿದರು. ನಾನು ಎದ್ದೆ. ಎಂಟು ಪುಟ ಓದಿದೆ. ಮೊದಲೆರಡು ಪುಟಕ್ಕೆ ಜನ ನಕ್ಕರು, ತ್ರಿಕೋನಕ್ಕೆ ಜಡೆ ಇತ್ತಲ್ಲ. ಆಮೇಲೆ ನಗು ನಿಂತಿತು. ಲಾರಿ ಡ್ರೈವರನ ವೇಷದ ಗುಮಾಸ್ತರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅಕ್ಕೋರು ಪುಸ್ತಕ ಇಸಿದುಕೊಂಡು ಹಾಳೆ ಹಾಳೆ ತಿರುವಿ ನೋಡಿದರು. ಎಲ್ಲರೂ ಕಾಯುತ್ತಿದ್ದೆವು.

“ಚಿತ್ರ ಭಾಳ ಕೆಟ್ಟ ಅದಾವು,” ಎಂದರು. “ಪುಸ್ತಕ ಖರೆ ಐತಿ.”

ಅಂದು ಅವರು ಕರದಂಟು ಹಂಚಲಿಲ್ಲ, ಯಾರ ಕೈಯನ್ನೂ ಹಿಡಿಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಬಂದು ಕೂತರು. ನಾನು ಹೊಗಳಿಕೆಗೆ ಕಾಯುತ್ತಿದ್ದರೆ ಅವರು ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಪುಸ್ತಕ ಮುಗಿದಿಲ್ಲ, ಒಂಬತ್ತನೆಯ ಪುಟ ಬಾಕಿ ಇದೆ ಎಂದರು. ನಾನು ಒಬ್ಬ ಓದುಗಳಾಗಿದ್ದರೆ ಅವರು ಹೀಗೆ ಜಬರಿಸುತ್ತಿರಲಿಲ್ಲ. ತಮ್ಮ ಸಮಕ್ಕೆ ಕೂಡಿಸಿಕೊಂಡದ್ದಕ್ಕೇ ಜಬರಿಸಿದರು ಎಂದು ತಿಳಿದು ನನಗೆ ಕಣ್ಣು ತುಂಬಿಬಂತು.

ದೀಪಾವಳಿಯ ಸೂಟಿಯಲ್ಲಿ ವಿಚಾರಿಸುತ್ತ ವಿಚಾರಿಸುತ್ತ ಗುಳೇದಗುಡ್ಡಕ್ಕೆ ಹೋದೆ. ಆಕೆಯ ಗಂಡನ ಮನೆ ಅಲ್ಲಿತ್ತು. ಮಗ್ಗದ ಮುಂದೆ ಕೂತಿದ್ದಳು, ಎರಡು ಮಕ್ಕಳ ತಾಯಿ. ನನ್ನನ್ನು ಕಂಡೊಡನೆ ಎದ್ದು ನಿಂತಳು. ಆ ಎದ್ದು ನಿಂತದ್ದು ನನಗೆ ಸಹಿಸಲಾಗಲಿಲ್ಲ. ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಆಕೆ ನೆಲದ ಮೇಲೆ ಕೂತು ಎಂಟೂ ಪುಟ ಓದಿದಳು. ಕೊನೆಗೆ, ಇದರಲ್ಲಿ ಒಂದು ತಪ್ಪಿದೆ ಎಂದಳು. ಅಂದು ತಾನು ತಲೆ ತಗ್ಗಿಸಿ ನಿಂತಿರಲಿಲ್ಲ, ಲೆಕ್ಕದ ಅಕ್ಕೋರ ಮುಖವನ್ನೇ ನೋಡುತ್ತ ನಿಂತಿದ್ದೆ ಎಂದಳು. ತಿದ್ದಲೆಂದು ನಾನು ತೆಗೆದ ಪೆನ್ಸಿಲನ್ನು ಕೈಯಿಂದ ಕಸಿದುಕೊಂಡು, ಕೊನೆಗೆ ಖಾಲಿ ಉಳಿದಿದ್ದ ಹಾಳೆಯ ಮೇಲೆ, ಹೇಗೆ ನಿಂತಿದ್ದಳೆಂದು ತೆಗೆದು ತೋರಿಸಿದಳು. ಪಕ್ಕದಲ್ಲಿ ಮಗ್ಗ, ಎಳೆ ಎಣಿಸುವ ತನ್ನ ತಾಯಿ, ಕೆಳಗೆ ಅಂದಿನ ಲೆಕ್ಕ, ಒಂದೊಂದು ಹಂತವನ್ನೂ ತಪ್ಪದೆ ಬರೆದಳು.

ಇಳಕಲ್ಲಿಗೆ ಬಂದು ಆ ಹಾಳೆಯನ್ನು, ಉಳಿ ಹಿಡಿದು ಕೊರೆಯುತ್ತ ಕೂತಿದ್ದ ಅಕ್ಕೋರ ಕೈಯಲ್ಲಿಟ್ಟೆ. ನೋಡಿದರು. ತಿರುವಿ ನೋಡಿದರು. ಇದು ನಿಮ್ಮ ಕೈ ಅಲ್ಲ ಎಂದರು. ಅವರ ಮುಖ ಬಿಗಿಯಿತು. ಮತ್ತೆ ತಮ್ಮನಿಂದ ಮಾಡಿಸಿದ್ದೇನೆ ಎಂದು ತಿಳಿಯುತ್ತಾರೋ ಎಂದು ನನಗೆ ಅಂಜಿಕೆಯಾಯಿತು. ಅಲ್ಲ, ಇದು ಆಕೆಯದು, ಆಕೆಯೇ ಪೆನ್ಸಿಲು ಕಸಿದುಕೊಂಡಳು ಎಂದೆ. ಅವರು ಉಳಿ ಕೆಳಗಿಟ್ಟರು. ಸೆರಗಿನಿಂದ ಕಣ್ಣಿಗೆ ಬಿದ್ದ ಮರದ ಪುಡಿ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು.

“ಆಕಿ ಎದ್ದು ಬರ್ತಾಳೇನ್ರಿ ಅಮೀನಗಡಕ್ಕ?” ಎಂದರು. “ನಾವಾ ಹೋಗಿ ಕರ್ಕೊಂಡ ಬರೂಣು. ನಾಳೆ ಮುಂಜಾನಿ ಮೊದಲನೇ ಬಸ್ ಎಷ್ಟೊತ್ತಿಗೈತಿ?”

ಆಷಾಢಕ್ಕೆ ಇನ್ನೂ ಎಂಟು ತಿಂಗಳಿತ್ತು.